ನಾನು ತೆಗೆಸಿದ ಮೀನು

ಆ ಅಮ್ಮ ನನ್ನ ಆಫೀಸಿಗೆ ಬಂದು ಕೇಳಿದ್ದು ಒಂದೇ ಒಂದು. ಜಪಾನಿನಲ್ಲಿರುವ ಗೆಳತಿಯ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಬರಬೇಕು. ನಮ್ಮ ಕಸುಬಿನಲ್ಲಿ ಇಷ್ಟು ನೇರವಾಗಿ ಕೇಳುವ ಗಿರಾಕಿ ಅಪರೂಪ. ಹೆಚ್ಚಿನವರು ‘ಎಲ್ಲಾ ತೋರಿಸ್ಬಿಡಿ ಸಾರ್, ಬಜೆಟ್ಟಲ್ಲಿ’ ಅನ್ನುತ್ತಾರೆ, ಆಮೇಲೆ ಯಾವುದೂ ಸಾಲದು ಅನ್ನುತ್ತಾರೆ. ಅಷ್ಟು ನೇರವಾದ ಬೇಡಿಕೆಯನ್ನು ನಾನು ಹೇಗೆ ಡೊಂಕು ಮಾಡಿದೆ ಎನ್ನುವುದನ್ನು ಬರೆದಿಡಬೇಕು ಅನ್ನಿಸಿದೆ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ಉಪಯೋಗವಾದರೆ ಆಗಲಿ.

ನನ್ನ ಆಫೀಸು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲು ಕಡಿದು. ಅಮ್ಮ ಮಂಡಿ ಹಿಡಿದುಕೊಂಡು ಹತ್ತಿ ಬಂದರು, ಹಿಂದೆ ಮಗ. ಮಗನಿಗೆ ಪೇಟೆಯಲ್ಲಿ ರೇಷ್ಮೆ ದಾರದ ಅಂಗಡಿ. ಇವನೂ ನನ್ನ ಹಾಗೆಯೇ, ಕುರ್ಚಿಯಲ್ಲಿ ಕೂರುವ ಮೊದಲೇ ‘ಕಡಿಮೆ ಎಷ್ಟು ಮಾಡ್ತೀರಿ?’ ಅನ್ನುವ ಜಾತಿ. ನನಗೆ ಅಂಥವರು ಇಷ್ಟ.

ಅಮ್ಮನೇ ವಿಷಯ ಹೇಳಿದರು. ಅವರ ಯಜಮಾನರು ಬದುಕಿದ್ದಾಗ ರಾಮನಗರದ ಕಡೆ ಅವರಿಗೆ ರೇಷ್ಮೆ ಗೂಡು ಕುದಿಸಿ ನೂಲು ತೆಗೆಯುವ ಒಂದು ಘಟಕ ಇತ್ತಂತೆ. ನೂಲು ಹರಿಯದ ಹಾಗೆ ತೆಗೆಯುವುದನ್ನು ಕಲಿಸಲು ಜಪಾನಿನಿಂದ ಒಬ್ಬಾಕೆ ಬಂದಿದ್ದರು. ಘಟಕದ ಹೆಂಗಸರೆಲ್ಲ ಅವರನ್ನು ಜಪಾನ್ ಮೇಡಂ ಅನ್ನುತ್ತಿದ್ದರು. ಹತ್ತಿರದಲ್ಲಿ ಇಳಿದುಕೊಳ್ಳಲು ಸರಿಯಾದ ಜಾಗವಿಲ್ಲದೆ ಆಕೆ ಇವರ ಮನೆಯಲ್ಲೇ ಉಳಿದರು.

“ಒಂದು ಮಳೆಗಾಲ ಪೂರ್ತಿ ನಮ್ಮನೇಲಿ ಉಂಡಳು,” ಅಂದರು ಅಮ್ಮ. “ಕಲ್ತಿದ್ದು ಒಂದೇ ಮಾತು. ಬೆಳಗ್ಗೆ ಎದ್ದು ಒಂದೊಂದೇ ಒಲೆ ಹತ್ರ ಹೋಗೋಳು, ಕೂತಿರೋ ಹೆಂಗಸ್ರನ್ನೆಲ್ಲ ‘ಊಟ ಆಯ್ತಾ? ಊಟ ಆಯ್ತಾ?’ ಅನ್ನೋಳು. ಬೆಳಗಿನ ಜಾವಕ್ಕೆ ಯಾರಿಗಪ್ಪಾ ಊಟ ಆಗತ್ತೆ? ಎಲ್ಲಾ ಬಿದ್ದು ಬಿದ್ದು ನಗೋರು. ಅವಳೂ ನಗೋಳು. ಅಷ್ಟು ಉಂಡವಳ ಮನೇಲಿ ನಾನು ಒಂದು ತುತ್ತು ಉಂಡಿಲ್ಲ. ಇದು ಸರೀನಾ ನೀನೇ ಹೇಳು.”

ಮಗ ನಡುವೆ ಬಾಯಿ ಹಾಕಿದ. “ಸಾರ್, ಅಮ್ಮಿಗೆ ಶುಗರ್ ಇದೆ. ಇನ್ಸುಲಿನ್ ಚುಚ್ಚಿದ್ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳ್ಬೇಕು. ಹಲಾಲ್ ಅಲ್ದೆ ಇವರು ಮುಟ್ಟಲ್ಲ. ಅಲ್ಲಿ ನೋಡಿದ್ರೆ ಹಂದಿ, ಹೆಂಡ. ನೀವು ಊಟದ ಗ್ಯಾರಂಟಿ ಕೊಟ್ರೆ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲ.”

ನಾನು ನಕ್ಕೆ. “ಸಾಹೇಬ್ರೇ, ಬಸವನಗುಡಿಯ ಮಡಿ ಹೆಂಗಸ್ರನ್ನೇ ಜಪಾನ್ ಸುತ್ತಿಸ್ಕೊಂಡು ಬಂದಿದೀನಿ. ಈರುಳ್ಳಿ ಬೆಳ್ಳುಳ್ಳಿನೂ ಇಲ್ದೆ. ಊಟದ ಚಿಂತೆ ನಂಗೆ ಬಿಡಿ.”

ಅದು ಸುಳ್ಳಾಗಿರಲಿಲ್ಲ. ಜಪಾನಿನಲ್ಲಿ ಸಸ್ಯಾಹಾರ ಅಂದರೂ ಒಣಮೀನಿನ ತಿಳಿಸಾರು ಎಲ್ಲದರೊಳಗೂ ನುಸುಳಿರುತ್ತದೆ, ಬೇಯಿಸಿದ ಕುಂಬಳಕಾಯಿಯೊಳಗೂ. ಅದನ್ನು ಪತ್ತೆ ಹಚ್ಚಿ ತೆಗೆಸುವುದರಲ್ಲಿ ನಾನು ಪಳಗಿದವನು. ಪೇಟೆಯ ಲಿಂಗಾಯತರ ಮನೆಯಲ್ಲಿ ಹುಟ್ಟಿದ ನನಗೆ ಮೀನಿನ ವಾಸನೆ ಒಂದು ಫರ್ಲಾಂಗ್ ದೂರದಿಂದಲೇ ಗೊತ್ತಾಗುತ್ತದೆ.

ಹೊರಡುವ ಮುಂಚೆ ಅಮ್ಮ ಬ್ಯಾಗಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ಮೇಡಂಗೆ ಈಗ ವಯಸ್ಸಾಗಿದೆ, ಹೊಸವರ್ಷದ ಕಾರ್ಡನ್ನು ಕೆಲವು ವರ್ಷಗಳಿಂದ ಅವರ ಮಗಳೇ ಬರೆಯುತ್ತಾಳೆ. “ಮಗಳು ಇಸ್ಕೂಲ್ ಟೀಚರು, ಇಂಗ್ಲಿಷ್ ಬರತ್ತೆ. ಇದರಲ್ಲಿ ಅವಳ ವಿಳಾಸ, ಮೇಲ್ ಎಲ್ಲಾ ಇದೆ. ಒಂದು ಕಾಗದ ಹಾಕಪ್ಪಾ, ಅವಳೇ ಎಲ್ಲಾ ಹೇಳ್ತಾಳೆ.”

“ಆಯ್ತಮ್ಮಾ, ಅದೆಲ್ಲ ನಾನು ನೋಡ್ಕೋತೀನಿ,” ಅಂದೆ. ಅವರು ಇಳಿದು ಹೋದಮೇಲೆ ಲಕೋಟೆಯನ್ನು ಮೇಜಿನ ಗಾಜಿನ ಕೆಳಗೆ ಸೇರಿಸಿದೆ. ಅಲ್ಲಿ ಬಸ್ ಏಜೆಂಟರ ಕಾರ್ಡುಗಳು, ದೇವರ ಫೋಟೊ, ಹಳೆಯ ಕ್ಯಾಲೆಂಡರಿನ ತುಂಡು ಎಲ್ಲ ಇವೆ. ಅಲ್ಲಿಗೆ ಸೇರಿದ್ದು ಕಳೆಯುವುದಿಲ್ಲ. ಹೊರಗೂ ಬರುವುದಿಲ್ಲ.

ಯಾಕೆ ಹಾಗೆ ಮಾಡಿದೆ ಎನ್ನುವುದನ್ನು ಬಿಡಿಸಿ ಹೇಳಬೇಕು. ಗಿರಾಕಿಯ ಕಡೆಯವರು ಹೊರದೇಶದಲ್ಲಿದ್ದರೆ ಅವರನ್ನು ಪ್ಲಾನಿನೊಳಗೆ ಬಿಟ್ಟುಕೊಳ್ಳಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಬಿಟ್ಟುಕೊಂಡರೆ ‘ಹೋಟೆಲ್ ಯಾಕೆ, ನಮ್ಮಲ್ಲೇ ಉಳ್ಕೊಳಿ’ ಅಂತ ಶುರುವಾಗುತ್ತದೆ, ‘ನಮ್ಮ ಸ್ನೇಹಿತರ ಗಾಡಿ ಇದೆ’ ಎನ್ನುವಲ್ಲಿಗೆ ಬರುತ್ತದೆ, ಕೊನೆಗೆ ಗಾಡಿಯೂ ಬರುವುದಿಲ್ಲ, ಬೈಗುಳ ಮಾತ್ರ ನಮಗೆ ಬರುತ್ತದೆ. ಈ ಪಾಠ ಹತ್ತರಲ್ಲಿ ಒಂಬತ್ತು ಸಲ ಸರಿಯೇ. ಹೊರಡುವ ಒಂದು ವಾರ ಮೊದಲು ಮಗಳಿಗೆ ತಿಳಿಸಿದರೆ ಸಾಕು ಅಂದುಕೊಂಡೆ.

ಯಾವಾಗ ಹೋಗುವುದು ಅನ್ನುವುದನ್ನೂ ನಾನೇ ತೀರ್ಮಾನಿಸಿದೆ. ಅಮ್ಮನಿಗೆ ಆಗಸ್ಟ್‌ನಲ್ಲೇ ಹೋಗುವ ಆಸೆ. ಆಗ ಅಲ್ಲಿ ಹಿರಿಯರ ಹಬ್ಬ, ಊರಿಗೆ ಊರೇ ಪ್ರಯಾಣ ಹೊರಟಿರುತ್ತದೆ, ದರ ಏರಿರುತ್ತದೆ, ಸೆಖೆ ಬೇರೆ. ನಾನು ನವೆಂಬರ್ ಅಂದೆ. ಎಲೆಗಳು ಕೆಂಪಾಗುವ ಕಾಲ, ನೋಡಲು ಚೆಂದ. ಟಿಕೆಟ್ ದರದಲ್ಲಿ ಏರ್‌ಲೈನ್ಸಿನವನ ಜೊತೆ ಹಗ್ಗಜಗ್ಗಾಟ ಮಾಡಿ ಮಗನೇ ಬೆರಗಾಗುವಷ್ಟು ಇಳಿಸಿದೆ. ಆ ಖುಷಿ ಬಹಳ ದಿನ ಇತ್ತು ನನಗೆ.

ಆಮೇಲೆ ಕೆಲಸಕ್ಕೆ ಕೂತೆ. ಟೋಕಿಯೋದಲ್ಲಿ ತೊಂದರೆ ಇರಲಿಲ್ಲ. ಅಲ್ಲಿ ಹಲಾಲ್ ಹೋಟೆಲುಗಳಿವೆ, ಮಸೀದಿ ಇದೆ, ವಿಮಾನ ನಿಲ್ದಾಣದಲ್ಲೇ ಪ್ರಾರ್ಥನೆಗೆ ಕೋಣೆ ಇದೆ. ತಲೆನೋವು ಶುರುವಾಗುವುದು ಮೇಡಂ ಇರುವ ನಾಗಾನೊ ಸೀಮೆಯಲ್ಲಿ. ಬೆಟ್ಟ, ಸರೋವರ, ಒಂದು ಕಾಲಕ್ಕೆ ರೇಷ್ಮೆಗೆ ಹೆಸರಾದ ಊರುಗಳು. ಮೇಡಂ ಹಳ್ಳಿಗೆ ಹತ್ತಿರದಲ್ಲಿ ಎರಡು ರಾತ್ರಿಗೆ ಬಿಸಿನೀರಿನ ಬುಗ್ಗೆಯ ಹಳೇ ಕಾಲದ ವಸತಿಗೃಹ ಒಂದು ಸಿಕ್ಕಿತು.

ಅಂಥ ಕಡೆ ಸ್ನಾನ ಅಂದರೆ ಎಲ್ಲರೂ ಒಟ್ಟಿಗೆ, ಬಟ್ಟೆಯಿಲ್ಲದೆ. ಅಮ್ಮನಿಗೂ ಜೊತೆಗೆ ಹೊರಟಿದ್ದ ಸೊಸೆಗೂ ಅದು ಆಗದ ಮಾತು. ಸ್ವಂತ ಸ್ನಾನದ ಕೋಣೆ ಇರುವ ರೂಮನ್ನು ಬಡಿದಾಡಿ ಗಿಟ್ಟಿಸಿದೆ. ಕೋಣೆಯಲ್ಲಿ ಚಾಪೆ, ನೆಲದ ಮೇಲೆ ಹಾಸಿಗೆ. ಮಂಡಿ ಮಡಚಲಾರದ ಅಮ್ಮ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾರೆ. ಕುರ್ಚಿಯ ಕಾಲು ಚಾಪೆಯನ್ನು ಹರಿಯುತ್ತದೆ ಅಂತ ಅವರು, ಕುರ್ಚಿ ಇಲ್ಲದೆ ಆಗದು ಅಂತ ನಾನು. ಕೊನೆಗೆ ಕಾಲಿನ ಕೆಳಗೆ ಹಲಗೆ ಕೊಟ್ಟು ಇಡುವುದಕ್ಕೆ ಒಪ್ಪಿದರು. ಮೆಕ್ಕಾದ ದಿಕ್ಕು ಅಲ್ಲಿಂದಲೂ ಪಶ್ಚಿಮಕ್ಕೇ, ಕೊಂಚ ಉತ್ತರಕ್ಕೆ ವಾಲಿ, ಹೆಚ್ಚುಕಡಿಮೆ ನಮ್ಮ ಹಾಗೆಯೇ. ಆ ಬೆಟ್ಟದ ಊರಿನಲ್ಲಿ ನವೆಂಬರ್ ಹೊತ್ತಿಗೆ ನಾವಿಲ್ಲಿ ಸಂಜೆ ಕಾಫಿ ಕುಡಿಯುವ ವೇಳೆಗೆ ಸೂರ್ಯ ಮುಳುಗಿಬಿಡುತ್ತಾನೆ. ಪ್ರಯಾಣದಲ್ಲಿದ್ದಾಗ ಎರಡು ಹೊತ್ತಿನ ನಮಾಜು ಕೂಡಿಸಬಹುದು ಅಂತ ಮಗ ಅಂದ, ಅಮ್ಮ ಕೂಡಿಸಲ್ಲ ಅಂದರು. ಆದ್ದರಿಂದ ಯಾವ ಹೊತ್ತೂ ರೈಲಿನಲ್ಲಿ ಬೀಳದ ಹಾಗೆ ರೈಲುಗಳನ್ನು ಹಿಂದೆಮುಂದೆ ಸರಿಸಿ ಕೂರಿಸಿದೆ. ನೀರಿನ ಚಿಂತೆ ಮಾತ್ರ ಇರಲಿಲ್ಲ. ಶೌಚಕ್ಕೆ ನೀರಿನ ಏರ್ಪಾಡಿನಲ್ಲಿ ಜಪಾನಿನವರನ್ನು ಮೀರಿಸಿದವರಿಲ್ಲ.

ಹೆಂಡ ಎಂದು ಮಗ ಹೇಳಿದ್ದನ್ನೂ ಮರೆತಿರಲಿಲ್ಲ. ರೂಮಿನ ಫ್ರಿಜ್ಜಿನಿಂದ ಬಾಟಲಿಗಳನ್ನು ತೆಗೆಸಲು ಬರೆದಿದ್ದೆ. ಅದು ನನ್ನ ಲೆಕ್ಕದಲ್ಲಿ ಹೆಂಡದ ಬಾಬತ್ತು ಮುಗಿದ ಹಾಗೆ.

ಊಟದಲ್ಲಿ ನನ್ನ ಹಳೇ ಪಟ್ಟನ್ನೇ ಹಾಕಿದೆ. ಟೋಕಿಯೋದಲ್ಲಿ ನಮ್ಮ ಕೆಲಸ ನೋಡಿಕೊಳ್ಳುವವನು ದಾವಣಗೆರೆ ಕಡೆಯವನು, ಚುರುಕು.

“ಸಾರ್, ಮೀನಿಲ್ದೆ ಅಡುಗೆ ಅಂದ್ರೆ ಆ ವಸತಿಗೃಹದ ಓನರಮ್ಮ ತಲೆ ಮೇಲೆ ಕೈ ಹೊತ್ಕೊಂಡಿದಾರೆ.”

“ಹೊತ್ಕೊಳ್ಲಿ. ಸಾರಲ್ಲೂ ಇರ್ಬಾರ್ದು, ಪುಡೀಲೂ ಇರ್ಬಾರ್ದು. ಬೇರೆ ಕಡೆ ಹೋಗ್ತೀವಿ ಅಂತ ಹೇಳು.”

“ಬೇರೆ ಕಡೆ ಎಲ್ಲಿದೆ ಸಾರ್?”

“ಅದು ನಿಂಗೊತ್ತು, ನಂಗೊತ್ತು. ಅವರಿಗ್ಯಾಕೆ?”

ಕೆಲವು ವಾರ ಎಳೆದಾಡಿದ ಮೇಲೆ ಆಕೆ ಒಪ್ಪಿದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಮಗನಿಗೆ ಫೋನ್ ಮಾಡಿದೆ. “ಪೂರ್ತಿ ಸಸ್ಯಾಹಾರ ಮಾಡ್ಸಿದೀನಿ. ಮಾಂಸಾನೇ ಇಲ್ಲಾಂದ್ಮೇಲೆ ಹಲಾಲು ಹರಾಮು ಪ್ರಶ್ನೆ ಎಲ್ಲಿ ಬಂತು?” ಅವನಿಗೂ ಅದು ಸರಿ ಕಂಡಿತು. ಮೇಡಂ ಮನೆಯ ಭೇಟಿಯನ್ನು ಮಧ್ಯಾಹ್ನದ ಊಟ ಮುಗಿದ ಮೇಲೆ ಹಾಕಿದ್ದೆ. ಅಲ್ಲಿ ಏನು ಬಡಿಸುತ್ತಾರೋ, ಹೇಗೆ ಬೇಡ ಅನ್ನುವುದೋ, ಆ ಗೋಜೇ ಇರದಿರಲಿ ಅಂತ. “ಅಮ್ಮಾ, ಅವರ ಮನೇಲಿ ಹಣ್ಣು ತಿನ್ನಿ, ಹಣ್ಣೂ ಊಟಾನೇ,” ಅಂದೆ. ಅಮ್ಮ ಏನೂ ಹೇಳಲಿಲ್ಲ. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಅಂದುಕೊಂಡೆ. ವ್ಯಾಪಾರದಲ್ಲಿ ಹಾಗೆಯೇ ಅಂದುಕೊಳ್ಳುವುದು ರೂಢಿ.

ವೀಸಾ ಬಂತು. ಹೊರಡಲು ಇನ್ನು ಹೆಚ್ಚು ದಿನ ಇರಲಿಲ್ಲ. ಒಂದು ಬೆಳಗ್ಗೆ ಹೆಂಡತಿಯ ಜೊತೆ ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಟೋಕಿಯೋದಿಂದ ಫೋನ್ ಬಂತು.

“ಸಾರ್, ಗುಡ್ ನ್ಯೂಸ್. ಮೀನು ತೆಗೆದ್ರೆ ರುಚಿ ಸತ್ತೋಗತ್ತೆ ಅಂತ ಓನರಮ್ಮ ಒದ್ದಾಡ್ತಿದ್ರಲ್ಲ, ಈಗ ದಾರಿ ಹುಡ್ಕಿದಾರೆ. ಅಣಬೆ ಸಾರಿಗೆ ಸಾಕೆ ಜಾಸ್ತಿ ಹಾಕ್ತಾರಂತೆ. ರುಚಿ ಸರಿಹೋಗತ್ತಂತೆ.”

“ಸಾಕೆ ಅಂದ್ರೆ, ಆ ಅಕ್ಕಿ ಹೆಂಡಾನಾ?”

“ಹೂಂ ಸಾರ್.”

“ಜಾಸ್ತಿ ಅಂದ್ಯಲ್ಲೋ. ಅಂದ್ರೆ ಮೊದ್ಲೂ ಇತ್ತಾ?”

“ಇಲ್ಲಿ ಯಾವ ಪಲ್ಯಕ್ಕೆ ಹಾಕಲ್ಲ ಹೇಳಿ ಸಾರ್. ಸಾಕೆ ಇಲ್ಲಾಂದ್ರೆ ಮಿರಿನ್ ಅಂತ ಸಿಹಿ ಹೆಂಡ. ನೀವು ಮೀನು ಅಂದ್ರಿ, ನಾನು ಮೀನು ನೋಡ್ದೆ.”

ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟೆ. ಅವನು ಹೇಳುತ್ತಲೇ ಇದ್ದ. “ಟೆನ್ಶನ್ ತಗೋಬೇಡಿ ಸಾರ್, ಕುದಿಸಿದ್ರೆ ಹಾರ್ಹೋಗತ್ತೆ. ಯಾರು ಕೇಳ್ತಾರೆ?”

ಒಂದು ಕ್ಷಣ ನಾನೂ ಹಾಗೇ ಅಂದುಕೊಂಡೆ. ಯಾರು ಕೇಳುತ್ತಾರೆ? ಅಮ್ಮ ಕೇಳುವುದಿಲ್ಲ, ಯಾಕೆಂದರೆ ಗ್ಯಾರಂಟಿ ಕೊಟ್ಟವನು ನಾನು. ಪಕ್ಕದಲ್ಲಿದ್ದ ಹೆಂಡತಿಗೆ ವಿಷಯ ಹೇಳಿ, ಕುದಿಸಿದರೆ ಹಾರಿಹೋಗುತ್ತದಂತೆ ಅಂದೆ.

“ಕೇಕಲ್ಲಿರೋ ಮೊಟ್ಟೆ ಬೆಂದು ಹೋಗಿರತ್ತೆ ಅಂದ್ರೆ ನಿಮ್ಮಮ್ಮ ತಿಂತಿದ್ರಾ?” ಅಂದಳು ಅವಳು, ಸೊಪ್ಪಿನವಳಿಗೆ ಚಿಲ್ಲರೆ ಕೊಡುತ್ತಾ.

ಸಾಕೆಯನ್ನೂ ತೆಗೆದುಬಿಡಿ ಅಂತ ವಸತಿಗೃಹಕ್ಕೆ ಹೇಳಿ ಕಳಿಸಿದೆ. ಓನರಮ್ಮ ಪ್ರಾಮಾಣಿಕರು. ಮಾರನೆಯ ದಿನ ಉತ್ತರ ಬಂತು. ತಮ್ಮ ಸೋಯಾ ರಸದಲ್ಲೂ, ಹುದುಗು ಬಂದ ಸೋಯಾ ಕಾಳಿನ ಮುದ್ದೆಯಲ್ಲೂ ಮದ್ಯದ ಅಂಶ ಇರಬಹುದು, ಪಾತ್ರೆಗಳೂ ಅವೇ, ನಂಬಿ ಬರುವ ವೃದ್ಧೆಗೆ ಮಾತು ಕೊಟ್ಟು ತಪ್ಪಲಾರೆವು, ಉಳಿದುಕೊಳ್ಳಿ ಆದರೆ ಊಟ ಕೊಡಲಾರೆವು ಅಂತ. ಬೈಯಲೂ ಆಗದ ಉತ್ತರ ಅದು. ಅಡುಗೆಮನೆ ಇರುವ ಬಾಡಿಗೆ ಮನೆ ಹುಡುಕಿಸಿದೆ. ಎಲೆ ಕೆಂಪಾಗುವ ಕಾಲ, ಎಲ್ಲವೂ ತುಂಬಿದ್ದವು. ಚೆಂದದ ಕಾಲ ಅಂತ ಆರಿಸಿದವನು ನಾನೇ ತಾನೇ.

ಈಗ ಉಳಿದಿದ್ದು ಹೇಳುವುದೋ ಬಿಡುವುದೋ ಅನ್ನುವ ಪ್ರಶ್ನೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಬೇಡಿ, ನಡೆದು ಹೋಗಿ ಹೇಳಿ. ಬೈಯುವವರೂ ಎದುರಿಗೆ ಕಂಡ ಮುಖಕ್ಕೆ ಸ್ವಲ್ಪ ಕಡಿಮೆ ಬೈಯುತ್ತಾರೆ. ಅವರ ಮನೆ ನನ್ನ ಆಫೀಸಿನಿಂದ ಎರಡು ರಸ್ತೆ ಆಚೆ. ಅಮ್ಮ ಒಳ ಅಂಗಳದಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಮಗ ಅಂಗಡಿಗೆ ಹೊರಟು ನಿಂತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಮಗನ ಮುಖ ಕೆಂಪಾಯಿತು. “ಮಡಿ ಹೆಂಗಸ್ರನ್ನ ಸುತ್ತಿಸಿದೀನಿ ಅಂದ್ರಲ್ಲಾ ಸಾರ್, ಅವರಿಗೂ ಇದನ್ನೇ ಕುಡಿಸ್ಕೊಂಡು ಬಂದ್ರಾ?”

ಆ ಹಳೇ ಮೆನುಗಳಲ್ಲೂ ನಾನು ಹುಡುಕಿದ್ದು ಮೀನನ್ನು ಮಾತ್ರ.

“ನಾಗಾನೊ ಕ್ಯಾನ್ಸಲ್ ಮಾಡಿ,” ಅಂದ. “ಟೋಕಿಯೋ ನೋಡ್ಕೊಂಡು ವಾಪಸ್ ಬರ್ತೀವಿ. ಅಮ್ಮಿ ಬೇಡ, ಮನೇಲೇ ಇರ್ಲಿ. ಉಪವಾಸ ಬಿದ್ದು ಶುಗರ್ ಇಳಿದ್ರೆ ಅಲ್ಲಿ ಯಾರಿದಾರೆ?”

ಅಮ್ಮ ಮೊರ ಕೆಳಗಿಟ್ಟರು. “ಮೀನು ಯಾಕಪ್ಪಾ ತೆಗೆಸ್ದೆ?”

“ಊಟ ಶುದ್ಧ ಇರ್ಲಿ ಅಂತಮ್ಮಾ.”

“ಮೀನು ನಮಗೆ ನಡೆಯತ್ತಲ್ಲೋ. ಕೋಳಿ ಕುರಿಗಾದ್ರೆ ಹೀಗೇ ಕೊಯ್ಬೇಕು, ಹೆಸರು ಹೇಳಿ ಕೊಯ್ಬೇಕು ಅಂತಿದೆ. ಮೀನಿಗೆ ಅದಿಲ್ಲ. ಉಪ್ಪು ಹಚ್ಚಿ ಸುಟ್ಟ ಮೀನು, ಬಿಳೀ ಅನ್ನ ಕೊಟ್ಟಿದ್ರೆ ನಾನು ದಿನಾ ಉಣ್ತಿದ್ದೆ. ನೀನು ಆಗೋದನ್ನ ತೆಗೆಸಿ ಆಗದೇ ಇರೋದನ್ನ ಹಾಕ್ಸಿದೀಯ.” ಅವರು ನಗುತ್ತಿದ್ದರು. ಮಗ ನಗಲಿಲ್ಲ, ನಾನೂ ನಗಲಿಲ್ಲ. ವಾರಗಟ್ಟಲೆ ಚೌಕಾಸಿ ಮಾಡಿ ನಾನು ಓಡಿಸಿದ್ದು ಅವರ ತಟ್ಟೆಗೆ ಬರಬಹುದಾಗಿದ್ದ ಒಂದೇ ಒಂದು ಪದಾರ್ಥವನ್ನು. ಅದು ನನ್ನ ಹೊಟ್ಟೆಯ ಭಯ, ಅವರದಲ್ಲ. ಗಿರಾಕಿಯ ಹೊಟ್ಟೆಯಲ್ಲಿ ಏನು ಭಯ ಇದೆ ಅಂತ ಕೇಳದೆ ಮೆನು ಬರೆಸಬೇಡಿ.

ಆಮೇಲೆ ಅಮ್ಮ ಕೇಳಿದರು. “ಮೇಡಂ ಮಗಳು ಏನಂದ್ಲು?”

ನಾನು ಚಪ್ಪಲಿ ನೋಡಿದೆ.

“ಕಾಗದ ಹಾಕಿಲ್ವಾ?”

“ಹೊರಡೋ ಮುಂಚೆ ಹಾಕೋಣ ಅಂತಿದ್ದೆ ಅಮ್ಮಾ.”

ನಗು ಹೋಯಿತು. “ನಾನು ನಿನ್ನ ಹತ್ರ ಹೋಟ್ಲು ಕೇಳಿದ್ನಾ? ಕೆಂಪು ಎಲೆ ಕೇಳಿದ್ನಾ? ಅವಳ ಮನೇಲಿ ಒಂದು ಹೊತ್ತು ಊಟ ಅಂದೆ. ನೀನು ಹಣ್ಣು ತಿನ್ನು ಅಂದೆ.” ಮಗ ಏನೋ ಹೇಳಲು ಬಂದ. “ನೀನು ಸುಮ್ನಿರು,” ಅಂದರು. ನನ್ನ ಕಡೆ ತಿರುಗಿದರು. “ಈಗ ಹಾಕು. ನನ್ನೆದುರಿಗೇ ಹಾಕು.”

ವಿಳಾಸ ನನ್ನ ಹತ್ತಿರ ಎಲ್ಲಿತ್ತು? ಆಫೀಸಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿ, ಮೇಜಿನ ಗಾಜಿನ ಕೆಳಗಿರುವ ಲಕೋಟೆಯ ಫೋಟೊ ಕಳಿಸು ಅಂದೆ. “ಗಾಜಿನ ಕೆಳಗಾ?” ಅಂದರು ಅಮ್ಮ, ತಮಗೆ ತಾವೇ ಅನ್ನುವ ಹಾಗೆ.

ನಾನು ಬರೆಯುವ ಮೇಲುಗಳಲ್ಲಿ ‘ಆಗುವುದಿಲ್ಲ’ ಅನ್ನುವ ಮಾತೇ ಇರುವುದಿಲ್ಲ. ‘ಸಾಧ್ಯವಾದರೆ’, ‘ದಯವಿಟ್ಟು ಗಮನಿಸಿ’ ಎಂದೆಲ್ಲ ಬೆಣ್ಣೆ ಸವರಿ ಬರೆಯುತ್ತೇನೆ, ಆಮೇಲೆ ಜಾರಿಕೊಳ್ಳಲು ಜಾಗ ಇರಲಿ ಅಂತ. ಅವತ್ತು ಅಮ್ಮ ಹೇಳಿದರು, ಮಗ ಇಂಗ್ಲಿಷಿಗೆ ತಿರುಗಿಸಿದ, ನಾನು ಬರೀ ಒತ್ತಿದೆ.

“ಬರಿ. ನಾನು ಹಂದಿ ತಿನ್ನಲ್ಲ. ಹೆಂಡ ಒಂದು ಹನಿ ಬಿದ್ರೂ ಉಣ್ಣಲ್ಲ, ಕುದಿಸಿದ್ರೂ ಉಣ್ಣಲ್ಲ. ನಾನು ತಿನ್ನೋ ಮಾಂಸ ನಿಮ್ಮ ಹಳ್ಳೀಲಿ ಸಿಗಲ್ಲ, ಅದಕ್ಕೆ ಮಾಂಸ ಬೇಡ. ಮೀನು ಆಗತ್ತೆ, ಮೊಟ್ಟೆ ಆಗತ್ತೆ, ಅನ್ನ ಆಗತ್ತೆ. ನಿಮ್ಮಮ್ಮ ನಮ್ಮನೆಗೆ ಬಂದ ದಿನ ಖಾರ ಆಗಲ್ಲ ಅಂತ ಬಾಯಿ ಮೇಲೆ ಕೈ ಬೀಸ್ಕೊಂಡು ತೋರಿಸಿದ್ಲು. ನಾನು ಖಾರ ಇಲ್ದೆ ಬೇರೆ ಮಾಡ್ದೆ. ಈಗ ನಾನು ಹೇಳ್ತಿದೀನಿ.”

ಮೇಲು ಹೋಯಿತು. ಇಷ್ಟು ಕಟುವಾಗಿ ಬರೆದರೆ ಆ ಜನ ಬಾಗಿಲು ಹಾಕಿಕೊಳ್ಳುತ್ತಾರೆ ಅಂತ ನನಗೆ ಅನುಮಾನ. ಮಾರನೆಯ ಬೆಳಗ್ಗೆಯೇ ಉದ್ದನೆಯ ಉತ್ತರ ಬಂದಿತ್ತು.

ಮಗಳು ಬರೆದಿದ್ದಳು. ತಾಯಿ ಈಗ ಮನೆಯಲ್ಲಿಲ್ಲ. ಇಲ್ಲಿಯ ಬೇಸಿಗೆಯ ಕೊನೆಯಲ್ಲಿ, ಆಗಸ್ಟ್ ಮುಗಿಯುವ ಹೊತ್ತಿಗೆ, ಬಿದ್ದರು. ಆಮೇಲೆ ನೆನಪು ಬಂದು ಹೋಗಿ ಮಾಡುತ್ತಿದೆ. ಸೆಪ್ಟೆಂಬರಿನಿಂದ ಪಟ್ಟಣದ ವೃದ್ಧಾಶ್ರಮದಲ್ಲಿದ್ದಾರೆ. ಅಲ್ಲಿಯವರೆಗೂ ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದು ತಾವೇ ಅನ್ನ ಮಾಡಿಕೊಳ್ಳುತ್ತಿದ್ದರು. ನೀವು ಬರುವ ಯೋಚನೆಯಲ್ಲಿದ್ದೀರಿ ಅಂತ ಮೊದಲೇ ಗೊತ್ತಿದ್ದರೆ ಬೇಸಿಗೆಯಲ್ಲೇ ಬನ್ನಿ ಅನ್ನುತ್ತಿದ್ದೆ. ಆಗ ತಾಯಿ ನಿಮ್ಮ ಹೆಸರು ಹೇಳುತ್ತಿದ್ದರು.

ಆ ಸಾಲನ್ನು ನಾನು ಮೊದಲು ಆಫೀಸಿನಲ್ಲಿ ಒಬ್ಬನೇ ಓದಿದೆ. ಕೆಳಗೆ ಗಿರಣಿ ಓಡುತ್ತಿತ್ತು. ಆಮೇಲೆ ಅಮ್ಮನ ಎದುರಿಗೆ ಕೂತು ಕನ್ನಡದಲ್ಲಿ ಓದಿದೆ. ಆ ಸಾಲು ಬಿಟ್ಟು ಓದಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಬಿಡಲಿಲ್ಲ. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೇಳಿದರು. “ಮುಂದೆ ಓದು,” ಅಂದರು.

ಮುಂದೆ ಇದ್ದದ್ದು ಇಷ್ಟು. ಮನೆ ಹಾಗೇ ಇದೆ. ಬಾಗಿಲು ತೆಗೆಸಿ ಸ್ವಚ್ಛ ಮಾಡುತ್ತೇನೆ, ಎರಡು ರಾತ್ರಿಯೂ ಅಲ್ಲೇ ಉಳಿಯಿರಿ, ಅಡುಗೆಮನೆ ನಿಮ್ಮದು. ಶಾಲೆಗೆ ರಜೆ ಹಾಕುತ್ತೇನೆ. ಆಶ್ರಮದವರು ಒಪ್ಪಿದರೆ ತಾಯಿಯನ್ನು ಒಂದು ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆತರುತ್ತೇನೆ.

ಅಲ್ಲಿಂದ ಮುಂದಿನ ದಿನಗಳಲ್ಲಿ ಕೆಲಸ ನಡೆದದ್ದು ಆಕೆಯಿಂದ, ನನ್ನಿಂದಲ್ಲ. ಆಕೆ ಕೇಳುತ್ತಿದ್ದಳು, ನಾನು ಓಡಿಹೋಗಿ ಅಮ್ಮನನ್ನು ಕೇಳಿ ಉತ್ತರ ಬರೆಯುತ್ತಿದ್ದೆ. ಹಳೇ ಬಾಣಲೆ ಉಜ್ಜಿದರೆ ಸಾಕೋ ಹೊಸದೇ ಬೇಕೋ? ಮೀನು ಸುಡುವ ತಂತಿ ಬಲೆ? ಹಲಾಲ್ ಗುರುತಿನ ಸೋಯಾ ರಸವನ್ನು ಟೋಕಿಯೋದ ನಮ್ಮವನು ಕೊರಿಯರ್ ಮಾಡಿದ. ಕುರ್ಚಿ ಎಷ್ಟು ಎತ್ತರ ಇರಬೇಕು? ಇನ್ಸುಲಿನ್ ಇಡಲು ಫ್ರಿಜ್ಜಿನಲ್ಲಿ ಯಾವ ಅರೆ? ಪಶ್ಚಿಮದ ಗೋಡೆಗೆ ಒಂದು ಬೀರು ಇದೆ, ಅದನ್ನು ಸರಿಸಬೇಕೇ? ನಾನು ತಿಂಗಳುಗಟ್ಟಲೆ ಎಳೆದಾಡಿದ್ದು ಆಕೆಗೆ ಸಹಜವಾದ ಪ್ರಶ್ನೆಗಳಾಗಿದ್ದವು. ವಸತಿಗೃಹವನ್ನು ಕ್ಯಾನ್ಸಲ್ ಮಾಡಿದೆ. ನನ್ನ ಪ್ಲಾನಿನಲ್ಲಿ ಉಳಿದದ್ದು ರೈಲು ಮಾತ್ರ.

ಅವರು ಹೊರಟರು. ಟೋಕಿಯೋ ಸಲೀಸಾಗಿ ಮುಗಿಯಿತು. ಊಟದ ದಿನ ನಾನು ಬೆಳಗ್ಗೆಯೇ ಆಫೀಸಿಗೆ ಬಂದು ಕೂತಿದ್ದೆ. ನಮ್ಮ ಬೆಳಗು ಅವರಿಗೆ ಮಧ್ಯಾಹ್ನ. ಟೋಕಿಯೋದವನ ಫೋನ್ ಬಂತು. ಆಶ್ರಮದಲ್ಲಿ ಜ್ವರ ಹರಡಿದೆ, ಯಾರನ್ನೂ ಹೊರಗೆ ಕಳಿಸುತ್ತಿಲ್ಲ. ನೋಡಬೇಕಾದವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು ಕೊಂಚ ಹೊತ್ತು ನೋಡಿ ಹೋಗಬಹುದು.

“ಮಾತಾಡೋ. ಇಂಡಿಯಾದಿಂದ ಬಂದಿದಾರೆ ಅನ್ನು. ಒಂದೇ ಗಂಟೆ ಅನ್ನು. ಅರ್ಧ ಗಂಟೆ ಕೇಳು.”

“ಸಾರ್, ಇಲ್ಲಿ ಚೌಕಾಸಿ ನಡೆಯಲ್ಲ.”

ಮಗನಿಗೆ ಫೋನ್ ಮಾಡಿದೆ. ಬೈಯಲಿ ಅಂತಲೇ ಮಾಡಿದೆ. ಅವನ ಧ್ವನಿ ಮೆತ್ತಗಿತ್ತು. “ಗೊತ್ತಾಯ್ತು ಸಾರ್. ಮೇಡಂನ ಕಳಿಸ್ತಿಲ್ಲ.”

“ಈಗೇನ್ ಮಾಡ್ತಿದೀರಿ?”

“ಅಮ್ಮಿ ಊಟ ಮಾಡ್ತಿದಾರೆ,” ಅಂದ. ಹಿಂದೆ ಪಾತ್ರೆಯ ಸದ್ದು ಕೇಳಿಸಿತು. ನಾನು ಫೋನ್ ಇಟ್ಟೆ.

ವಾಪಸ್ ಬಂದ ಮೇಲೆ ಮಗ ಬರುತ್ತಾನೆ, ಉಳಿದ ಮಾತು ಆಡುತ್ತಾನೆ ಅಂದುಕೊಂಡಿದ್ದೆ. ಬಂದಿದ್ದು ಅಮ್ಮ. ಒಬ್ಬರೇ ಆ ಕಡಿದು ಮೆಟ್ಟಿಲು ಹತ್ತಿದ್ದರು. ನೀರು ಕುಡಿದು ಸುಧಾರಿಸಿಕೊಂಡು ತಾವಾಗಿಯೇ ಹೇಳಿದರು.

“ಮೀನು ಸುಟ್ಟಿದ್ಲು. ಅನ್ನ, ಉಪ್ಪು, ಒಂದು ಹುಳಿ ಹಣ್ಣು. ಬಾಣಲೆ ಮೇಲೆ ಅಂಗಡಿ ಚೀಟಿ ಹಾಗೇ ಇತ್ತು, ನನಗೆ ಕಾಣ್ಲಿ ಅಂತ ಕೀಳದೆ ಬಿಟ್ಟಿದ್ಲು. ಮೇಡಂ ಜಾಗದಲ್ಲಿ ಒಂದು ಬಟ್ಲು ಅನ್ನ ಇಟ್ಟಿದ್ಲು. ಹೊಟ್ಟೆ ತುಂಬ ಉಂಡೆ.”

“ಆಮೇಲೆ ಹೋಗಿ ನೋಡಿದ್ರಾ ಅಮ್ಮಾ?”

“ನೋಡ್ದೆ. ಗಾಲಿ ಕುರ್ಚೀಲಿ ತಂದ್ರು. ಇಷ್ಟೇ ಇಷ್ಟಾಗಿದಾಳೆ. ನನ್ನ ಮುಖಾನೂ ಅರ್ಧ ಮುಚ್ಚಿತ್ತು, ಅವಳ್ದೂ ಮುಚ್ಚಿತ್ತು. ಮಗಳು ಜೋರಾಗಿ ನನ್ನ ಹೆಸರು ಹೇಳಿದ್ಲು. ಗುರುತು ಸಿಗ್ಲಿಲ್ಲ. ಸುಮ್ನೆ ನೋಡ್ತಾ ಇದ್ಲು. ನಾನು ಕೈ ಹಿಡ್ಕೊಂಡೆ.” ಅಮ್ಮ ತಮ್ಮ ಕೈಯನ್ನು ಮೇಜಿನ ಗಾಜಿನ ಮೇಲಿಟ್ಟರು. ಕುದಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿ ನುಣ್ಣಗಾದ ಕೈ. “ಕೈ ನೋಡಿದ್ಲು. ಆಮೇಲೆ ‘ಊಟ ಆಯ್ತಾ?’ ಅಂದ್ಲು.”

ನಾನು ನೀರಿನ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದೆ.

“ಆಯ್ತು, ನಿನ್ನ ಮನೇಲೇ ಆಯ್ತು ಅಂದೆ. ನಕ್ಕಳು. ಒಂದು ಗಳಿಗೆ ಬಿಟ್ಟು ಮತ್ತೆ ‘ಊಟ ಆಯ್ತಾ?’ ಅಂದ್ಲು. ಆಯ್ತು ಅಂದೆ. ಮತ್ತೆ ಅಂದ್ಲು. ನರ್ಸು ಬಂದು ಕುರ್ಚಿ ತಿರುಗಿಸೋ ತನಕ ಕೇಳ್ತಾನೇ ಇದ್ಲು. ಅಷ್ಟು ಸಲಾನೂ ಹೇಳ್ದೆ.”

ಗಾಜಿನ ಕೆಳಗೆ, ಅವರ ಅಂಗೈಯ ಪಕ್ಕದಲ್ಲೇ ಆ ಲಕೋಟೆ ಇನ್ನೂ ಇತ್ತು. ಅಮ್ಮ ಅದನ್ನು ನೋಡಿದರು. ಮಂಡಿಗೆ ಕೈ ಕೊಟ್ಟು ಎದ್ದರು. ನಾನು ಕೆಳಗಿನವರೆಗೆ ಹೋಗಿ ಆಟೋ ಹತ್ತಿಸಿ ಬಂದೆ.

ಆಗಸ್ಟ್‌ನಲ್ಲಾಗಿದ್ದರೆ ಮೇಡಂ ಒಂದೇ ಸಲ ಕೇಳುತ್ತಿದ್ದರು.